ಎಚ್‌ಪಿ ಆಮೇಲೆ ಕೇಳಿ, ಮೊದಲು ಟೈರ್ ನೋಡಿ

ಅಮೆರಿಕದ ಹಳ್ಳಿಗಾಡಿನಲ್ಲಿ ಐದಾರು ಎಕರೆ ಮಾಡಿಕೊಂಡಿರುವ ನಮ್ಮವರು ಯಾರಾದರೂ ಹಳೆಯ ಕಾಂಪ್ಯಾಕ್ಟ್ ಟ್ರ್ಯಾಕ್ಟರ್ ಕೊಂಡು ಊರಿಗೆ ಫೋಟೋ ಕಳಿಸಲಿ, ಬರುವ ಮೊದಲ ಪ್ರಶ್ನೆ "ಎಷ್ಟು ಎಚ್‌ಪಿ?" 25 ಅಂದರೆ ಮುಗಿಯಿತು: "ಅಷ್ಟೇನಾ? ತೋಟದೊಳಗೆ ಓಡಾಡೋ ಮಿನಿ ಗಾಡಿ ಕಣಯ್ಯ ಅದು." 45-50ರ ಗಾಡಿಗಳನ್ನೇ ನೋಡಿ ಬೆಳೆದವರ ಮಾತು, ನಿಜ, ಆದರೂ ಚುಚ್ಚುತ್ತದೆ. ಅದೇ ಗಾಡಿಯನ್ನು ಇಲ್ಲಿ ಪಕ್ಕದ ಜಮೀನಿನವನಿಗೆ ತೋರಿಸಿದರೆ ಎಂಜಿನ್ ಸುದ್ದಿಯೇ ಎತ್ತುವುದಿಲ್ಲ. ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, "ಇದರಲ್ಲಿ ಏನು ಕೆಲಸ ಮಾಡಬೇಕು ಅಂತಿದ್ದೀಯ?" ಅನ್ನುತ್ತಾನೆ. ಈ ಒಂದು ವಿಷಯದಲ್ಲಿ ಇಲ್ಲಿಯವರ ಕ್ರಮವೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ. ಊರಿನವರಿಗೆ ಸಿಟ್ಟು ಬಂದರೂ ಸರಿ.

ನಮ್ಮಲ್ಲಿ ಟೈರ್ ಆಯ್ಕೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಹಿಂದೆ 13.6-28 ಅಥವಾ 14.9-28 ಸೈಜಿನ, ಓರೆ ಬಟನ್ನಿನದು (ಬಟನ್ ಅಂದರೆ ನೆಲ ಕಚ್ಚುವ ರಬ್ಬರ್ ಉಬ್ಬು). ಬಟನ್ ಎಷ್ಟು ಉಳಿದಿದೆ, ಹೊಸ ರಬ್ಬರ್ ಮೆತ್ತಿ ರೀಸೋಲ್ ಆಗಿದೆಯಾ, ಇಷ್ಟು ನೋಡಿದರೆ ಪರೀಕ್ಷೆ ಮುಗಿಯಿತು. ಇಲ್ಲಿ ಅದೇ ಗಾಡಿ ಮೂರು ಬಗೆಯ ಟೈರಿನಲ್ಲಿ ಸಿಗುತ್ತದೆ. ಆರ್-1 ನಮಗೆ ಗೊತ್ತಿರುವ ಉಳುಮೆ ಟೈರ್: ಎತ್ತರದ ಬಟನ್, ನಡುವೆ ಅಗಲವಾದ ಜಾಗ, ಚಕ್ರ ತಿರುಗುತ್ತಿದ್ದಂತೆ ಕೆಸರು ತಾನಾಗಿಯೇ ಉದುರುತ್ತದೆ. ಆರ್-3 ಹುಲ್ಲುಹಾಸಿನ ಟೈರ್. ಅಗಲ ಹೆಚ್ಚು, ಕಚ್ಚು ಕಡಿಮೆ, ಹುಲ್ಲು ಕೀಳುವುದಿಲ್ಲ, ಆದರೆ ಒದ್ದೆ ಮಣ್ಣಲ್ಲಿ ನಿಂತಲ್ಲೇ ಸುತ್ತುತ್ತದೆ. ಆರ್-4 ಇವೆರಡರ ನಡುವಿನದು: ದಪ್ಪ ಗಿಡ್ಡ ಬಟನ್, ಗಟ್ಟಿ ಪಕ್ಕೆ, ಪ್ಲೈ (ಒಳಪದರ) ಹೆಚ್ಚು. ಮುಂದೆ ಲೋಡರ್ ಕಟ್ಟಿ ಜಲ್ಲಿ, ಗೊಬ್ಬರ, ಮರದ ದಿಮ್ಮಿ ಎತ್ತುವವರಿಗೆ ಇದೇ ಬೇಕು. ಮುಳ್ಳು, ಕೂಳೆಗೂ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಆದರೆ ಜಿಗುಟು ಮಣ್ಣಲ್ಲಿ ಬಟನ್ ಸಂದು ತುಂಬಿಕೊಂಡರೆ ನುಣ್ಣನೆ ಉರುಳೆಯಂತಾಗಿಬಿಡುತ್ತದೆ.

ಅಂದರೆ ಟೈರ್ ನೋಡಿದರೆ ಆ ಗಾಡಿ ಯಾವ ಕೆಲಸಕ್ಕೆ ಅಂತ ಅರ್ಧ ತೀರ್ಮಾನವಾದ ಹಾಗೆ. "ಈಗ ತಗೊಳ್ಳೋಣ, ಟೈರ್ ಆಮೇಲೆ ಬದಲಿಸಿದರಾಯಿತು" ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಾರಣ ಫೋರ್ ವೀಲ್ ಡ್ರೈವ್. ಊರಿನ ಟೂ ವೀಲ್ ಗಾಡಿಯಲ್ಲಿ ಮುಂದಿನ ಚಕ್ರ ಸುಮ್ಮನೆ ಉರುಳುವುದಷ್ಟೇ, ಯಾವ ಸೈಜ್ ಹಾಕಿದರೂ ಗೇರಿಗೆ ಸಂಬಂಧವಿಲ್ಲ. ಕಾಂಪ್ಯಾಕ್ಟ್ ಗಾಡಿಗಳಲ್ಲಿ ಹೆಚ್ಚಿನವು ಫೋರ್ ವೀಲ್. ಅವುಗಳ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಸುತ್ತಿನ ಅನುಪಾತ ಗೇರಿನಲ್ಲೇ ಕೂತಿರುತ್ತದೆ. ಮುಂದಿನ ಚಕ್ರ ನೆಲಕ್ಕಿಂತ ತುಸು ವೇಗವಾಗಿ, ಸಾಮಾನ್ಯವಾಗಿ ಶೇ. 1ರಿಂದ 5ರಷ್ಟು, ಎಳೆಯುತ್ತಿರಬೇಕು. ಹಿಂದಿನ ಜೋಡಿ ಮಾತ್ರ ಹೊಸದು ಹಾಕಿ ಮುಂದೆ ಸವೆದದ್ದನ್ನೇ ಬಿಟ್ಟರೆ, ಇಲ್ಲವೇ ಸೈಜ್ ಹತ್ತಿರ ಬಂತು ಅಂತ ಬೇರೆ ಬಗೆಯ ಟೈರ್ ಕೂರಿಸಿದರೆ, ಈ ಲೆಕ್ಕ ತಪ್ಪುತ್ತದೆ. ಆಗ ಮುಂದಿನ ಟೈರ್ ಬೇಗ ಸವೆಯುತ್ತದೆ, ಗಟ್ಟಿ ನೆಲದ ಮೇಲೆ ಫೋರ್ ವೀಲ್ ಲಿವರ್ ಬಿಡಿಸಲು ಬರುವುದಿಲ್ಲ, ಕೊನೆಗೆ ಮುಂದಿನ ಆಕ್ಸಲ್ ಗೇರ್ ಹಲ್ಲು ಹೋಗುತ್ತದೆ.

ಹಳೆಯ ಗಾಡಿ ಕೊಳ್ಳುವ ಮುಂಚೆ ಇದನ್ನು ಪರೀಕ್ಷಿಸಲು ಒಂದು ತುಂಡು ಸೀಮೆಸುಣ್ಣ ಸಾಕು. ನಾಲ್ಕೂ ಟೈರಿನ ಗಾಳಿ ಸರಿ ಮಾಡಿಸಿ, ಹಿಂದಿನ ಮತ್ತು ಮುಂದಿನ ಒಂದೊಂದು ಚಕ್ರಕ್ಕೆ ಗೆರೆ ಎಳೆಯಿರಿ. ಸಮತಟ್ಟಾದ ಗಟ್ಟಿ ನೆಲದ ಮೇಲೆ ಫೋರ್ ವೀಲ್ ಹಾಕದೆ ಹಿಂದಿನ ಚಕ್ರ 10 ಸುತ್ತು ಬರುವಷ್ಟು ದೂರ ನೆಟ್ಟಗೆ ನಿಧಾನ ಓಡಿಸಿ ಮುಂದಿನದು ಎಷ್ಟು ಸುತ್ತಿತು ಎಣಿಸಿ. ಆಮೇಲೆ ಫೋರ್ ವೀಲ್ ಹಾಕಿ ಮತ್ತೆ 10 ಸುತ್ತು. ಮೊದಲ ಸಲ 16, ಎರಡನೇ ಸಲ 16.5 ಬಂದರೆ ವ್ಯತ್ಯಾಸ ಅರ್ಧ ಸುತ್ತು, ಅಂದರೆ ಶೇ. 3ರ ಆಸುಪಾಸು. ಸರಿ ಇದೆ. ಎರಡನೇ ಸಲ 16ಕ್ಕಿಂತ ಕಡಿಮೆ ಬಂತೋ, ಮುಂದಿನ ಚಕ್ರ ಎಳೆಯುವ ಬದಲು ತಡೆಯುತ್ತಿದೆ. ಆ ಗಾಡಿ ಬಿಟ್ಟುಬಿಡಿ, ಇಲ್ಲವೇ ನಾಲ್ಕೂ ಟೈರಿನ ಖರ್ಚು ಲೆಕ್ಕ ಹಾಕಿ ಚೌಕಾಸಿ ಮಾಡಿ. ಆರ್-1ರಿಂದ ಆರ್-4ಕ್ಕೆ ಹೋಗುವುದಾದರೆ ಸಾಮಾನ್ಯವಾಗಿ ರಿಮ್ ಕೂಡ ಬೇರೆ ಬೇಕು, ಅದೂ ಲೆಕ್ಕದಲ್ಲಿರಲಿ.

ಇನ್ನು ತೂಕ ಹೆಚ್ಚಲೆಂದು ಟೈರಿಗೆ ನೀರು ಹಾಕಿಸುವುದು. ನಮ್ಮಲ್ಲಿ ಅದಕ್ಕೆ ಯಾರೂ ಎರಡನೇ ಯೋಚನೆ ಮಾಡುವುದಿಲ್ಲ: ವಾಲ್ವ್ ಮೇಲೆ ಮಾಡಿ ಮುಕ್ಕಾಲು ಪಾಲು ನೀರು, ಉಳಿದದ್ದು ಗಾಳಿ. ಚಳಿಗೆ ನೆಲವೇ ಹೆಪ್ಪುಗಟ್ಟುವ ಕಡೆ ಬರೀ ನೀರು ಟೈರೊಳಗೇ ಮಂಜುಗಡ್ಡೆಯಾಗುತ್ತದೆ. ಹಾಗಾಗಿ ಹಿಂದೆ ಕ್ಯಾಲ್ಸಿಯಂ ಕ್ಲೋರೈಡ್ ಕಲಸುತ್ತಿದ್ದರು, ಈಗ ಸಕ್ಕರೆ ಬೀಟಿನ ರಸ ಹಾಕಿಸುವವರೂ ಇದ್ದಾರೆ. 100 ಲೀಟರ್ ನೀರು 100 ಕಿಲೋ ತೂಗಿದರೆ ಬೀಟ್ ರಸ ಸುಮಾರು 130 ಕಿಲೋ, ರಿಮ್ ತುಕ್ಕು ಹಿಡಿಸುವುದಿಲ್ಲ. ಕ್ಯಾಲ್ಸಿಯಂ ಸೋರಿದರೆ ರಿಮ್ಮನ್ನೇ ತಿನ್ನುತ್ತದೆ. ವಾಲ್ವ್ ಸುತ್ತ ಬಿಳಿ ಪೊರೆ, ಅದರ ಕೆಳಗೆ ಪದರ ಪದರವಾಗಿ ಏಳುವ ತುಕ್ಕು ಕಂಡರೆ ರಿಮ್ ಒಳಗೆ ಇನ್ನೂ ಕೆಟ್ಟಿದೆ ಅಂತಲೇ ತಿಳಿಯಬೇಕು. ಒಳಗೆ ದ್ರವ ಇದೆಯೋ ಇಲ್ಲವೋ ನೋಡಲು ವಾಲ್ವನ್ನು ತಳಕ್ಕೆ ತಂದು ಪಿನ್ ಒತ್ತಿದರೆ ಸಾಕು.

ಇಲ್ಲೊಂದು ಸೂಕ್ಷ್ಮ ಇದೆ. ಲೋಡರ್ ಬಕೆಟ್ ತುಂಬಿದಾಗ ಭಾರವೆಲ್ಲ ಮುಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಹಿಂದಿನ ಟೈರಿನ ದ್ರವ ಗಾಡಿ ಪಲ್ಟಿಯಾಗದಂತೆ ಹಿಡಿಯುತ್ತದೆ, ಮುಂದಿನ ಭಾರವನ್ನು ಮಾತ್ರ ಇಳಿಸುವುದಿಲ್ಲ. ಅದು ಇಳಿಯಬೇಕಾದರೆ ಹಿಂದೆ ಸಲಕರಣೆ ಕಟ್ಟುವ ತ್ರೀ ಪಾಯಿಂಟಿಗೆ ತೂಕ ನೇತುಹಾಕಬೇಕು, ಆಕ್ಸಲ್‌ನಿಂದಾಚೆಗೆ. ಕಾಂಕ್ರೀಟ್ ತುಂಬಿದ ಪೆಟ್ಟಿಗೆಯಾದರೂ ಆದೀತು. ಹಾಗೆ ಮಾಡದೆ ವರ್ಷಗಟ್ಟಲೆ ಲೋಡರ್ ಓಡಿಸಿದ ಗಾಡಿಯ ಮುಂದಿನ ಹಬ್ ಸೀಲಿನಲ್ಲಿ ಎಣ್ಣೆ ಜಿನುಗುತ್ತಿರುತ್ತದೆ. ಬಗ್ಗಿ ನೋಡಿ.

ಸಲಕರಣೆಯ ಮಾತಿಗೆ ಬಂದರೆ ಎಚ್‌ಪಿ ಕೊನೆಗೂ ಲೆಕ್ಕಕ್ಕೆ ಬರುತ್ತದೆ, ಎಂಜಿನ್‌ದಲ್ಲ, ಪಿಟಿಒದ್ದು, ಅಂದರೆ ಸಲಕರಣೆ ತಿರುಗಿಸುವ ಹಿಂದಿನ ಶಾಫ್ಟಿನದು. 25 ಎಚ್‌ಪಿ ಗಾಡಿಯ ಪಿಟಿಒದಲ್ಲಿ 18-20 ಸಿಕ್ಕೀತು. ಪೊದೆ ಕತ್ತರಿಸುವ ರೋಟರಿ ಕಟರಿಗೆ ಅಡಿಗೆ 5 ಎಚ್‌ಪಿ ಅಂತ ರೂಢಿಯ ಲೆಕ್ಕ. ಹಾಗಾಗಿ 4 ಅಡಿಯದು ಸಾಕು, 5 ಅಡಿಯದು ಕಟ್ಟಿದರೆ ದಟ್ಟ ಹುಲ್ಲಲ್ಲಿ ಎಂಜಿನ್ ಉಸಿರುಗಟ್ಟುತ್ತದೆ. ರೋಟವೇಟರ್, ಮಣ್ಣು ಸಮ ಮಾಡುವ ಬಾಕ್ಸ್ ಬ್ಲೇಡ್ ಎರಡೂ ಹಿಂದಿನ ಟೈರುಗಳ ಹೊರ ಅಂಚು ಮುಚ್ಚುವಷ್ಟು ಅಗಲ ಇರಬೇಕು, ಇಲ್ಲದಿದ್ದರೆ ಹದ ಮಾಡಿದ ಮಣ್ಣಿನ ಮೇಲೆ ಚಕ್ರದ ಜಾಡು ಉಳಿಯುತ್ತದೆ. ಟೈರ್ ಬದಲಿಸಿದರೆ ಈ ಅಗಲವೂ ಬದಲಾಗುತ್ತದೆ, ಸಲಕರಣೆ ಮೊದಲು ಕೊಂಡವರು ಪೇಚಿಗೆ ಸಿಗುವುದು ಹೀಗೆ. ಸಲಕರಣೆ ಸಿಕ್ಕಿಸುವ ಪಿನ್ ಅಳತೆಯಲ್ಲಿ ತಕರಾರಿಲ್ಲ: ಕ್ಯಾಟಗರಿ 1 ಅನ್ನುವ ಅಳತೆಯಲ್ಲಿ ಕೆಳಗಿನ ಪಿನ್ 22 ಮಿ.ಮೀ., ಮೇಲಿನ ಟಾಪ್ ಲಿಂಕಿನದು 19.

ಶಿಯರ್ ಬೋಲ್ಟಿನ ವಿಷಯದಲ್ಲಂತೂ ನಮ್ಮವರ ಮೇಲೆ ನನಗೆ ನಿಜಕ್ಕೂ ಅಸಮಾಧಾನ. ಪಿಟಿಒ ಶಾಫ್ಟಿನ ಈ ಮೆತ್ತನೆಯ ಬೋಲ್ಟ್, ಸಲಕರಣೆ ಕಲ್ಲಿಗೆ ಸಿಕ್ಕಾಗ ಮುರಿಯಲಿ ಅಂತಲೇ ಹಾಕಿರುವುದು. ಪದೇ ಪದೇ ಮುರಿಯಿತು ಅಂತ ಕೈಗೆ ಸಿಕ್ಕ ಹೈ ಟೆನ್ಸೈಲ್ ಬೋಲ್ಟ್ ಬಿಗಿದರೆ ಮುಂದಿನ ಕಲ್ಲಿಗೆ ಮುರಿಯುವುದು ಗೇರ್ ಬಾಕ್ಸ್.

ಇಷ್ಟು ಹೇಳಿದ ಮೇಲೆ ಊರಿನ ಪರವಾಗಿಯೂ ಎರಡು ಮಾತು ಒಪ್ಪಬೇಕು. ಆರ್-4 ಗಾಡಿಗಳು ಹಿಮ ಕರಗಿದ ನೆಲದಲ್ಲಿ ಹೂತು ನಿಂತಾಗ, ಗದ್ದೆಗಿಳಿಯುವ ಮುಂಚೆ ಕಬ್ಬಿಣದ ಕೇಜ್ ವೀಲ್ ಕಟ್ಟುವ ನಮ್ಮ ಡ್ರೈವರುಗಳೇ ನೆನಪಾಗುತ್ತಾರೆ. ನೆಲಕ್ಕೆ ತಕ್ಕ ಚಕ್ರ ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು, ಇಲ್ಲಿ ಒಬ್ಬೊಬ್ಬರ ಶೆಡ್ಡಿನಲ್ಲೂ ವರ್ಷಕ್ಕೊಮ್ಮೆ ಬಳಸುವ ಗುಂಡಿ ತೋಡುವ ಆಗರ್ ತುಕ್ಕು ಹಿಡಿಯುತ್ತಿರುತ್ತದೆ. ನಮ್ಮಲ್ಲಿ ಒಂದು ರೋಟವೇಟರ್ ಇಡೀ ಊರಿನ ಹೊಲ ಸುತ್ತುತ್ತದೆ. ಆ ಬಾಡಿಗೆ ಪದ್ಧತಿಯನ್ನು ಇಲ್ಲೂ ಅನುಸರಿಸುವುದು ವಾಸಿ. ಬಕೆಟ್, ಫೋರ್ಕ್, ಬಾಕ್ಸ್ ಬ್ಲೇಡ್ ಇಷ್ಟೇ ಸ್ವಂತಕ್ಕಿರಲಿ, ಮಿಕ್ಕಿದ್ದು ಬೇಕಾದಾಗ ತಂದರಾಯಿತು. ತಂದಾಗ ಪಿಟಿಒ ಶಾಫ್ಟಿನ ಉದ್ದ ಮಾತ್ರ ಪ್ರತಿ ಸಲ ನೋಡಿ: ಸಲಕರಣೆ ಎತ್ತಿ ಇಳಿಸುವಾಗ ಶಾಫ್ಟ್ ಅತಿ ಗಿಡ್ಡವಾಗುವ ಜಾಗದಲ್ಲೂ ಒಳಗೆ 25 ಮಿ.ಮೀ. ಸಂದು ಇರಬೇಕು, ಅತಿ ಉದ್ದವಾದಾಗಲೂ ಮೂರನೇ ಒಂದು ಪಾಲು ಒಂದರೊಳಗೊಂದು ಕೂತಿರಬೇಕು.