ನಮ್ಮ ಸ್ಟುಡಿಯೋದ ಕರೀ ಕೋಟು

ನಿನ್ನೆ ಡಿಜಿಟಲ್ ಕಲಾ ಪ್ರದರ್ಶನ ಅಂತ ಕರೆದಿದ್ದರು. ಕಲಬುರಗಿ ಬಿಸಿಲಿಗೆ ಎಸಿ ಹಾಲ್ ಸಿಕ್ಕರೆ ಸಾಕು ಅಂತ ಹೋದೆ, ತಲೆ ಕೆಡಿಸಿಕೊಂಡು ಬಂದೆ.

ಎರಡು ದೊಡ್ಡ ಪರದೆ. ಎಡಕ್ಕೆ ಹುಡುಗಿಯೊಬ್ಬಳ ಇನ್‌ಸ್ಟಾಗ್ರಾಮ್ ಫೋಟೊ: ನಮ್ಮೂರ ಕೋಟೆ ಮುಂದೆ, 'ಅಪ್ಪನ ಕೆರೆ'ಯ ದಂಡೆ ಮ್ಯಾಲೆ, ನಗುವೋ ನಗು. ಬಲಕ್ಕೆ ಅವಳೇ ಕತ್ತಲ ಕೋಣೆಯಲ್ಲಿ, ಕಾಡಿಗೆ ಗಲ್ಲಕ್ಕೆ ಇಳಿದಿದೆ. ಕೆಳಗೆ 'ಅಸಲಿ ನಾನು'. ಮುಂದಿನ ಹುಡುಗನೂ ಅಷ್ಟೇ. ಹನ್ನೊಂದು ಮಂದಿ, ಹನ್ನೊಂದು ಅಳು.

ಅಲ್ರೀ, ಒಳಗಿನ ಮನುಷ್ಯ ಅಂದರೆ ಅಳಲೇಬೇಕೇನು?

ಸೂಪರ್ ಮಾರ್ಕೆಟ್ ಹತ್ತಿರದ ನಮ್ಮಪ್ಪನ ಫೋಟೊ ಸ್ಟುಡಿಯೋ ನಿಮಗೆ ಗೊತ್ತೇ ಇದೆ. ಗೂಟಕ್ಕೆ ಒಂದೇ ಕರೀ ಕೋಟು, ಬಂದವರಿಗೆಲ್ಲ ಅದೇ. ಸಣಕಲಿದ್ದವರಿಗೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ಪು. ತೊಗರಿ ಮಾರಲು ಬಂದ ರೈತರು ಅದನ್ನು ತೊಟ್ಟು ತಾಜ್‌ಮಹಲ್ ಪರದೆ ಮುಂದೆ ಸಾಹೇಬರಾಗಿ ನಿಲ್ಲುತ್ತಿದ್ದರು. ಆಮೇಲೆ ಬಿಚ್ಚಿಟ್ಟು, ಟವೆಲ್ ಹೆಗಲಿಗೇರಿಸಿ, "ಕಂಕುಳಾಗ ಬಾಳ ಬಿಗಿ ಅದರೀ" ಅಂತ ನಗುತ್ತಾ ಹೋಗುತ್ತಿದ್ದರು. ಕೋಟು ಬಿಚ್ಚಿದ ಕೂಡಲೆ ಗೋಳೋ ಅಂದವರನ್ನು ನಾನು ನೋಡಿಲ್ಲ.

ಭಾಷಣದಲ್ಲಿ ಅಮಾಲಿಯಾ ಉಲ್ಮನ್ ಹೆಸರೂ ಬಂತು. 2014ರಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ತಿಂಗಳುಗಟ್ಟಲೆ ಸುಳ್ಳು ಬದುಕು ಬದುಕಿ, ಎದೆಗೆ ಆಪರೇಷನ್ ಆಯಿತು ಅಂತಲೂ ನಂಬಿಸಿ, ಕೊನೆಗೆ ಇದೆಲ್ಲ ಕಲೆ ಅಂದ ಕಲಾವಿದೆ. 2016ರಲ್ಲಿ ಲಂಡನ್ನಿನ ಕಲಾ ಮ್ಯೂಸಿಯಂ ಟೇಟ್ ಮಾಡರ್ನ್‌ನಲ್ಲೂ ಅದು ಪ್ರದರ್ಶನವಾಯಿತು. ಆದರೆ ಆಕೆ ಅತ್ತ ವಿಡಿಯೋ, ಜನರ ಕ್ಷಮೆ ಕೇಳಿದ ಪೋಸ್ಟು, ಅವೂ ನಾಟಕವೇ! ಮೇಕಪ್ಪಿನಷ್ಟೇ ಕಣ್ಣೀರೂ ಹುಸಿ. ನಮ್ಮವರು ಆ ಅರ್ಧವನ್ನು ಮಾತ್ರ ಹೇಳದೆ ನುಂಗಿಬಿಟ್ಟರು.

ಮೊಬೈಲಿನಿಂದ ಎಷ್ಟೋ ಮಕ್ಕಳು ಒಳಗೊಳಗೇ ಕೊರಗುತ್ತಾವೆ, ತೋರಿಸಬಾರದೇ ಅಂತೀರಿ. ತೋರಿಸ್ರಿ, ಬ್ಯಾಡ ಅಂದವರ್ಯಾರು? ಆದರೆ ಇಪ್ಪತ್ತು ವರ್ಷ ಲೈಟು ಹಿಡಿದವನ ಮುಂದೆ ಆಟ ಬೇಡ. ಆ ಹುಡುಗಿಯ ತುಂಬಿದ ಕಣ್ಣಿನ ನಟ್ಟನಡುವೆ ಬಳೆಯಂಥ ಬೆಳಕೊಂದು ಹೊಳೆಯುತ್ತಿತ್ತು. ರಿಂಗ್ ಲೈಟು, ಅಂದರೆ ಮುಖ ಹೊಳೆಯಲಿ ಅಂತ ಕ್ಯಾಮೆರಾ ಸುತ್ತ ಇಡೋ ದೀಪ! ಅಸಲಿ ದುಃಖಕ್ಕೆ ರಿಂಗ್ ಲೈಟು ಹಚ್ಚಿಕೊಂಡು ಕೂಡ್ತಾರೇನ್ರೀ?

ಕಲಾವಿದ ಹುಡುಗನನ್ನೇ ಕೇಳಿದೆ: "ತಮ್ಮಾ, ಮನ್ಯಾಗ ನಗೋರು ಒಬ್ಬರೂ ಸಿಗಲಿಲ್ಲೇನು?"

"ಸಿಕ್ಕಿದ್ರು ಸರ್. ಎಫೆಕ್ಟ್ ಬರಾಂಗಿಲ್ಲಂತ ಬಿಟ್ಟೀವಿ."

ನಾನೇನು ಸಾಚಾ ಅಲ್ಲ. ಹೋದ ವಾರ ಕೋಟೆಯ ಸೂರ್ಯೋದಯ ಹಾಕಿ 'ಬೆಳಗಿನ ವಾಕಿಂಗ್' ಅಂತ ಬರೆದಿದ್ದೆನಲ್ಲ, ಅದು ಹೋದ ವರ್ಷದ ಫೋಟೊ. ಆ ಹೊತ್ತಿಗೆ ತೂತು ಬಿದ್ದ ಬನಿಯನ್ನಿನಲ್ಲಿ ಫ್ಯಾನ್ ಕೆಳಗೆ, ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಾ ಆರಾಮ ಬಿದ್ದಿದ್ದೆ. ಆ ಬನಿಯನ್ ಫೋಟೊ ಮಾತ್ರ ಕೇಳಬ್ಯಾಡ್ರಿ, ಹಾಕಾಂಗಿಲ್ಲ.