ಸೂಜಿಯ ಹೊತ್ತಿಗೆ ಸೋಪುಗುಳ್ಳೆ

ಟೊರಾಂಟೊದಲ್ಲಿ ನಾಲ್ಕು ವರ್ಷದ ಮಗಳಿಗೆ ಲಸಿಕೆ ಹಾಕಿಸಲು ಹೋದಾಗ ನರ್ಸ್ ಮೊದಲು ಕೈಗೆತ್ತಿಕೊಂಡದ್ದು ಸೂಜಿಯನ್ನಲ್ಲ, ಸೋಪುನೀರಿನ ಪುಟ್ಟ ಡಬ್ಬಿಯನ್ನು. ಮಗುವನ್ನು ಮಲಗಿಸದೆ ನನ್ನ ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಇರುವೆ ಕಚ್ಚಿದಷ್ಟು ನೋವಾಗುತ್ತದೆಂದು ಮೊದಲೇ ಹೇಳಿ, ಜೋರಾಗಿ ಊದಿದರೆ ಗುಳ್ಳೆ ಒಡೆಯುವುದರಿಂದ ಮೆಲ್ಲಗೆ ಊದಬೇಕೆಂದು ಆಕೆ ಕಲಿಸಿದರು. ಮೂರನೆಯ ಗುಳ್ಳೆ ಕಿಟಕಿಯತ್ತ ತೇಲುವಷ್ಟರಲ್ಲಿ ಮದ್ದು ತೋಳು ಸೇರಿತ್ತು. ಮಗಳು ಒಮ್ಮೆ ಮುಖ ಕಿವಿಚಿ ಮತ್ತೆ ಊದತೊಡಗಿದಳು.

ಇದು ನಮಗೆ ಹೊಸ ವಿದ್ಯೆಯೇನಲ್ಲ. ಕಿವಿ ಚುಚ್ಚಿಸುವಾಗ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ, ಬಾಯಿಗೆ ಬೆಲ್ಲದ ಚೂರಿಟ್ಟು, "ಅಕೋ, ಕಾಗೆ ನೋಡು" ಎನ್ನುತ್ತಿದ್ದ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ. ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಿಯೇ ಮೆದುಳಿಗೆ ಹೋಗುತ್ತದೆ, ಗಮನ ಬೇರೆಡೆ ಹೋದಾಗ ಆ ಬಾಗಿಲನ್ನು ಓರೆಮಾಡುವ ಶಕ್ತಿ ಮೆದುಳಿಗೂ ಇದೆ ಎಂಬ ವಿವರಣೆಯನ್ನು ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮುಂದಿಟ್ಟದ್ದು 1965ರಲ್ಲಿ.

ಆದರೆ ನಮ್ಮ ಆಸ್ಪತ್ರೆಗಳು ಆ ಅಜ್ಜಿಯನ್ನೇ ಬಾಗಿಲಾಚೆ ನಿಲ್ಲಿಸುತ್ತವೆ ಎಂಬುದು ನನ್ನ ತಕರಾರು. ಊರಿಗೆ ಬಂದಿದ್ದಾಗ ತಮ್ಮನ ಮಗನ ರಕ್ತಪರೀಕ್ಷೆಗೆ ಒಂದು ನರ್ಸಿಂಗ್ ಹೋಮಿಗೆ ಹೋಗಿದ್ದೆವು. ಮನೆಯವರನ್ನೆಲ್ಲ ಹೊರಗೆ ಕಳುಹಿಸಿ, ಇಬ್ಬರು ಕಾಲು ಹಿಡಿದು, ಒಬ್ಬರು ತೋಳು ಒತ್ತಿ, "ನೋವೇ ಆಗಲ್ಲ ಪುಟ್ಟಾ" ಎಂದು ಸುಳ್ಳು ಹೇಳಿ ಚುಚ್ಚಿದರು. ಊಟ ಬಿಟ್ಟಾಗಲೆಲ್ಲ "ಡಾಕ್ಟರ ಹತ್ತಿರ ಸೂಜಿ ಚುಚ್ಚಿಸ್ತೀನಿ" ಎಂದು ಹೆದರಿಸಿದ ನಾವೂ ಇದರಲ್ಲಿ ಪಾಲುದಾರರೇ ಅನ್ನಿ. ಸಾಲುಗಟ್ಟಿ ಕಾಯುವ ಜನರ ನಡುವೆ ಒಬ್ಬ ನರ್ಸಿಗೆ ಗುಳ್ಳೆ ಊದಿಸುವ ಪುರುಸೊತ್ತಿಲ್ಲ, ನಿಜ. ಅದಕ್ಕಾಗಿಯೇ ಅಜ್ಜಿಯನ್ನು ಒಳಗೆ ಬಿಡಬೇಕು.

ಮಗುವನ್ನು ಮನೆಯವರೇ ಎತ್ತಿಕೊಂಡಿರಲಿ, ಹಸುಗೂಸಿಗೆ ಎದೆಹಾಲು ಕುಡಿಸುತ್ತಲೇ ಚುಚ್ಚಲಿ, ಆರು ವರ್ಷದೊಳಗಿನವರ ಗಮನವನ್ನು ಆಟಿಕೆಯಿಂದಲೋ ಮಾತಿನಿಂದಲೋ ಬೇರೆಡೆ ಸೆಳೆಯಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆಯ ಬಗ್ಗೆ ಹೇಳಿದ ಸಲಹೆಗಳಿಗೆ ಹೆಚ್ಚಿನ ಖರ್ಚೇನೂ ಇಲ್ಲ. ಹೊಲಿಗೆ ಹಾಕುವಾಗ ಮಾತ್ರ ಕಾಗೆ ತೋರಿಸಿದರೆ ಸಾಲದು, ಮರಗಟ್ಟಿಸುವ ಮದ್ದು ಬೇಕೇ ಬೇಕು.

ಎರಡನೆಯ ಪರೀಕ್ಷೆಗೆ ಹೋದಾಗ ನಮ್ಮಮ್ಮ ಯಾರ ಮಾತಿಗೂ ಕಾಯದೆ ಒಳಗೆ ನುಗ್ಗಿ, ಮೊಮ್ಮಗನಿಗೆ ಕಿಟಕಿಯಾಚೆಯ ಹುಣಸೆಮರದ ಕಾಗೆಗಳನ್ನು ಎಣಿಸಲು ಹೇಳಿದರು. ಅವನು ಏಳರವರೆಗೆ ಎಣಿಸಿ, ಅತ್ತು, ಎಂಟನೆಯದನ್ನು ಹುಡುಕಿದ.