ಸೋರುವ ಛಾವಣಿಗೆ ವಿಮೆ ಸಿಗಲ್ಲ

ಕಾಂಪ್ರಹೆನ್ಸಿವ್ ಪಾಲಿಸಿ (ಡಿಕ್ಕಿಯಲ್ಲದ ಆಲಿಕಲ್ಲು, ಕಳ್ಳತನದಂಥ ಹಾನಿಗೆ ವಿಮೆ) ಇದ್ದರೆ, ಒಳಗೇ ವಾಸ ಮಾಡಬಹುದಾದ ಗಾಡಿ ಅಂದರೆ ಹಳೆಯ ಆರ್‌ವಿಗೂ ಚಿಂತೆಯಿಲ್ಲ ಎಂದು ಬರೆದಿದ್ದೀರಿ. ಅಷ್ಟು ಸಲೀಸಲ್ಲ ಸ್ವಾಮಿ. ನಾವಿರುವುದು ಟೆಕ್ಸಾಸ್‌ನಲ್ಲಿ, ನಮ್ಮದು 2003ರ ಮೋಟರ್‌ಹೋಮ್. ಹೋದ ವರ್ಷ ಹಾಸಿಗೆ ಮೇಲಿನ ಮೂಲೆಯಲ್ಲಿ ಕಾಫಿ ಚೆಲ್ಲಿದ ಹಾಗೆ ಕಂದು ಕಲೆ ಕಂಡಿತು. ಬೆರಳಿಂದ ಒತ್ತಿದೆ. ಪ್ಲೈವುಡ್ ಚಹಾದಲ್ಲಿ ನೆನೆದ ರಸ್ಕ್ ತರಹ ಒಳಗೆ ಹೋಯಿತು! ಕ್ಲೇಮ್ ಹಾಕಿದೆವು. ಹಾನಿ ಪರೀಕ್ಷಿಸುವ ವಿಮಾ ಕಂಪನಿಯ ಅಡ್ಜಸ್ಟರ್ ಏಣಿ ಹತ್ತಿ, ಛಾವಣಿಯ ಗಾಳಿಕಿಂಡಿ (ವೆಂಟ್) ಸುತ್ತ ಬಿರುಕು ಬಿಟ್ಟಿದ್ದ, ಸಂದು ಮುಚ್ಚುವ ಸೀಲೆಂಟ್‌ನ ಫೋಟೋ ತೆಗೆದುಕೊಂಡು ಹೋದರು. ಸವಕಳಿ, ಕೊಳೆತ, ನಿರ್ವಹಣೆ ಸಾಲದು ಎಂದು ಪತ್ರ ಬಂತು. ಒಂದು ಡಾಲರೂ ಇಲ್ಲ.

ಅದೇ ಆಲಿಕಲ್ಲು ಬಿದ್ದೋ ಮರದ ಕೊಂಬೆ ಮುರಿದೋ ಛಾವಣಿ ಹರಿದಿದ್ದರೆ ಡಿಡಕ್ಟಿಬಲ್ (ನಾವೇ ಕೈಯಿಂದ ಹಾಕಬೇಕಾದ ಪಾಲು) ಕಳೆದು ಕೊಡುತ್ತಿದ್ದರು. ನೀರು ಒಂದೇ, ಒಳಗೆ ಬಂದ ದಾರಿ ಬೇರೆ, ಅಲ್ವಾ?

ಆ್ಯಕ್ಚುಯಲ್ ಕ್ಯಾಶ್ ವ್ಯಾಲ್ಯೂ (ಗಾಡಿಯ ಈಗಿನ ಬೆಲೆಯಷ್ಟೇ ಕೊಡುವ) ಪಾಲಿಸಿಯಾದರೆ ಗಾಡಿಯ ವಯಸ್ಸನ್ನು ಲೆಕ್ಕ ಹಾಕಿಯೇ ದುಡ್ಡು ಕೊಡುತ್ತಾರೆ. ರಿಪೇರಿ ಖರ್ಚು ಗಾಡಿಯ ಬೆಲೆ ದಾಟಿದರೆ ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹಾಳಾದಂತೆ ಲೆಕ್ಕ. ಅಗ್ರೀಡ್ ವ್ಯಾಲ್ಯೂ (ಮೊದಲೇ ಒಪ್ಪಿಕೊಂಡ ಬೆಲೆ ಕೊಡುವ ಪಾಲಿಸಿ) ಸಿಗುತ್ತಾ ಕೇಳಿ ನೋಡಿ, ಪ್ರೀಮಿಯಂ ಮಾತ್ರ ಜಾಸ್ತಿ. ನಾನೀಗ ಆರು ತಿಂಗಳಿಗೊಮ್ಮೆ ಮೇಲೆ ಹತ್ತಿ, ಸೀಲೆಂಟ್ ಸವರಿ, ತಾರೀಖು ಸಮೇತ ಫೋಟೋ ತೆಗೆದಿಡುತ್ತೇನೆ. ಹೆಂಡತಿ ಕೆಳಗೆ ಏಣಿ ಹಿಡಿದುಕೊಂಡು ಬೈಯುತ್ತಿರುತ್ತಾಳೆ.